ಲಜ್ಜೆಯ ಹೆಸರಿನಲ್ಲಿ ರೋಗಕ್ಕೆ ರಕ್ಷಣೆಯೇ?

ನಮ್ಮ ಸಮಾಜವು ಕೆಲವು ರೋಗಗಳಿಗೆ ಅನುಕಂಪ ತೋರುತ್ತದೆ. ಇನ್ನು ಕೆಲವಕ್ಕೆ ಆರೋಪಪಟ್ಟಿ ಸಿದ್ಧಪಡಿಸುತ್ತದೆ. ಸ್ತ್ರೀಯರ ಗುಪ್ತಾಂಗದಲ್ಲಿ ಮೂಡುವ ನರುಲಿಗಳು ಎರಡನೆಯ ವರ್ಗಕ್ಕೆ ಸೇರಿವೆ. ಯಾದಗಿರಿ, ಶಹಾಪುರ, ಸುರಪುರಗಳಂತಹ ಊರುಗಳಲ್ಲಿ ಗೃಹಿಣಿಯೊಬ್ಬಳು ಇದನ್ನು ಬಾಯಿಬಿಟ್ಟು ಹೇಳಿದರೆ ಔಷಧಕ್ಕಿಂತ ಮೊದಲು ವಿಚಾರಣೆ ಆರಂಭವಾಗುತ್ತದೆ. ಆಕೆ ಎಚ್‌ಐವಿ ಸೋಂಕಿತೆಯಾಗಿದ್ದರಂತೂ ಹೇಳುವುದೇ ಬೇಡ.

ಸತ್ಯವೇನು? ಈ ನರುಲಿಗಳಿಗೆ ಕಾರಣ ಎಚ್‌ಪಿವಿ ಎಂಬ ವೈರಸ್. ನೂರರಲ್ಲಿ ಸುಮಾರು 90 ಪ್ರಕರಣಗಳಿಗೆ ಅದರ 6 ಮತ್ತು 11ನೆಯ ಬಗೆಗಳೇ ಹೊಣೆ. ಅದು ದೇಹದಲ್ಲಿ ವರ್ಷಗಟ್ಟಲೆ ಸುಪ್ತವಾಗಿದ್ದು, ರೋಗನಿರೋಧಕ ಶಕ್ತಿ ಕುಂದಿದಾಗ ತಲೆಯೆತ್ತಬಲ್ಲದು. ಎಚ್‌ಐವಿ, ಅಂಗಾಂಗ ಕಸಿಯ ಬಳಿಕದ ಔಷಧ, ಕ್ಯಾನ್ಸರ್ ಚಿಕಿತ್ಸೆ - ಶಕ್ತಿ ಕುಂದಲು ಕಾರಣಗಳು ಹಲವು. ಆದ್ದರಿಂದ ಇಂದು ಕಂಡ ನರುಲಿಯು ನಿನ್ನೆಯ ನಡತೆಗೆ ಸಾಕ್ಷಿಯಲ್ಲ. ದುಡಿಮೆಗೆಂದು ಬೆಂಗಳೂರು, ಮುಂಬೈ, ಪುಣೆಗಳಿಗೆ ಗುಳೆ ಹೋಗಿ ಬಂದ ಗಂಡನಿಂದಲೇ ಸೋಂಕು ತಗಲಿರಲೂಬಹುದು. ಆದರೂ ತವರಿಗೆ ಅಟ್ಟಲ್ಪಡುವವಳು ಹೆಂಡತಿ! ಇದಾವ ನ್ಯಾಯ?

ಮೌನದ ಬೆಲೆ ದುಬಾರಿ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ನರುಲಿಗಳು ದೊಡ್ಡದಾಗಿ, ಹೆಚ್ಚಾಗಿ ಬೆಳೆಯುತ್ತವೆ. ಚಿಕಿತ್ಸೆಗೆ ಸುಲಭವಾಗಿ ಮಣಿಯವು. ವಾಸಿಯಾದ ಮೇಲೂ ಮರಳುತ್ತವೆ. ನರುಲಿಯಂತೆ ಕಾಣುವುದು ಕ್ಯಾನ್ಸರ್ ಆಗಿರುವ ಸಾಧ್ಯತೆಯೂ ಇವರಲ್ಲಿ ಅಧಿಕ. ಆದ್ದರಿಂದ ಸಂಶಯವಿದ್ದಲ್ಲಿ ಚೂರು ಮಾಂಸ ತೆಗೆದು ಪರೀಕ್ಷಿಸಲೇಬೇಕು. ಎಚ್‌ಐವಿ ಇರುವ ಮಹಿಳೆಗೆ ಗರ್ಭಕಂಠದ ಕ್ಯಾನ್ಸರ್‌ನ ಅಪಾಯ ಆರು ಪಟ್ಟು ಎನ್ನುವ ವಿಶ್ವ ಆರೋಗ್ಯ ಸಂಸ್ಥೆಯು, 25ನೆಯ ವಯಸ್ಸಿನಿಂದಲೇ 3ರಿಂದ 5 ವರ್ಷಗಳಿಗೊಮ್ಮೆ ತಪಾಸಣೆ ಆಗಬೇಕೆನ್ನುತ್ತದೆ. ಎಆರ್‌ಟಿ ಮಾತ್ರೆಗಳನ್ನು ತಪ್ಪದೆ ಸೇವಿಸುವುದು ಅಗತ್ಯ. ಆದರೆ ನರುಲಿಗೆ ಪ್ರತ್ಯೇಕ ಚಿಕಿತ್ಸೆ ಬೇಕು: ವೈದ್ಯರು ಆಮ್ಲದ್ರಾವಣ ಹಚ್ಚುವುದು, ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದು, ವಿದ್ಯುತ್ತಿನಿಂದ ಸುಡುವುದು, ಕತ್ತರಿಸಿ ತೆಗೆಯುವುದು. ಕೈಕಾಲಿನ ನರುಲಿಗೆಂದು ಅಂಗಡಿಯಲ್ಲಿ ಮಾರುವ ಔಷಧವನ್ನು ಆ ಜಾಗಕ್ಕೆ ಹಚ್ಚಲೇಬಾರದು. ಪೊಡೊಫಿಲಿನ್ ಗರ್ಭಿಣಿಯರಿಗೆ ನಿಷಿದ್ಧ.

ಇನ್ನು ಸರಕಾರದ ಸರದಿ. ಲೈಂಗಿಕ ರೋಗಗಳಿಗಾಗಿ ಸುರಕ್ಷಾ ಕ್ಲಿನಿಕ್‌ಗಳಿಗೆ ರೂಪಿಸಲಾದ ಏಳು ಬಣ್ಣದ ಕಿಟ್‌ಗಳಲ್ಲಿ ನರುಲಿಗೆ ಔಷಧವಿಲ್ಲ. ಅದಕ್ಕೆ ಮಾತ್ರೆಯಲ್ಲ, ಪರಿಣತ ಕೈ ಬೇಕು, ಮತ್ತೆ ಮತ್ತೆ ಭೇಟಿ ಬೇಕು. ದಿನಗೂಲಿ ಬಿಟ್ಟು ಸುರಪುರದಿಂದ ಶಹಾಪುರ ದಾಟಿ ಯಾದಗಿರಿಗೋ ಕಲಬುರಗಿಗೋ ಆಕೆ ಎಷ್ಟು ಸಲ ಅಲೆಯಬೇಕು? 2024-25ರ ಬಜೆಟ್‌ನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಿಸಿದ ಸರಕಾರಕ್ಕೆ, ಎರಡು ತಾಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಮಹಿಳಾ ವೈದ್ಯೆಯಿಂದ ಈ ಚಿಕಿತ್ಸೆಯನ್ನು ಖಾತ್ರಿಪಡಿಸುವುದು ಭಾರವೇ? 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ಸೋಂಕಿತರಿಗೆ ಚಿಕಿತ್ಸೆ ನಿರಾಕರಿಸುವುದನ್ನು ನಿಷೇಧಿಸಿದೆ. ಹಕ್ಕನ್ನು ಕೇಳುವ ಧ್ವನಿ ಮಾತ್ರ ಬೇಕಾಗಿದೆ.

ಲಜ್ಜೆ ಈಮಾನಿನ ಭಾಗವೆಂದು ನಾವು ಸರಿಯಾಗಿಯೇ ಹೇಳುತ್ತೇವೆ. ಆದರೆ ಮದೀನಾದ ಅನ್ಸಾರ್ ಮಹಿಳೆಯರು ಮುಟ್ಟು, ಸ್ನಾನಗಳ ಬಗ್ಗೆಯೂ ಪ್ರವಾದಿವರ್ಯರಲ್ಲಿ(ಸ) ನೇರವಾಗಿ ಪ್ರಶ್ನಿಸುತ್ತಿದ್ದರು, ಹ. ಆಯಿಶಾ(ರ) ಅದನ್ನು ಮೆಚ್ಚಿದ್ದರು. ಅವರಿಗೆ ಅಡ್ಡಿಯಾಗದ ಲಜ್ಜೆ ನಮ್ಮ ಸಹೋದರಿಯರನ್ನು ಸಾವಿನತ್ತ ದೂಡುವುದೇಕೆ? ಮೊಹಲ್ಲಾದ ಜಮಾಅತ್‌ಗಳು ತಲಾಕ್‌ನ ಪಂಚಾಯಿತಿಗೆ ಕೂರುವ ಮುನ್ನ ಆಸ್ಪತ್ರೆಯ ದಾರಿ ತೋರಿಸಲಿ. ಪತಿಯು ಪತ್ನಿಯ ಮೇಲೆ ಬೆರಳು ತೋರಿಸುವ ಬದಲು ಆಕೆಯ ಜೊತೆಯಲ್ಲಿ ತಾನೂ ಪರೀಕ್ಷೆಗೆ ಹೋಗಲಿ.