ಗಾಲೆಯ ಕೋಟೆಯೂ ಬಿಟ್ಟುಹೋದ ಮಾತೂ

ಸಿಂಹಳದ್ವೀಪಕ್ಕೆ ಹೋಗಿಬರುವುದು ನಮ್ಮ ಪಟ್ಟಣಿಗರಿಗೆ ಈಗ ದೊಡ್ಡ ಸಾಹಸವೇನೂ ಅಲ್ಲ. ಬೆಂಗಳೂರಿನಿಂದ ಕೊಲಂಬೊ ನಗರಕ್ಕೆ ವಿಮಾನದಲ್ಲಿ ಎರಡು ಗಂಟೆಯೂ ಹಿಡಿಯದು. ಅಲ್ಲಿಗೆ ಹೋದವರಲ್ಲಿ ಬಹುಮಂದಿ ಒಂದು ದಿನವನ್ನು ಗಾಲೆಯ ಕೋಟೆಗೆಂದು ಮೀಸಲಿಡುತ್ತಾರೆ. ಬೆಳಗಿನ ಉಪಾಹಾರ ಮುಗಿಸಿ ಹೊರಟು, ಸುಮಾರು 120 ಕಿಲೋಮೀಟರು ದಕ್ಷಿಣಕ್ಕೆ ಸಾಗಿ, ಮಾರ್ಗದರ್ಶಕರೊಬ್ಬರ ಹಿಂದೆ ಕೋಟೆಯನ್ನು ಸುತ್ತಿ, ದೀಪ ಹಚ್ಚುವ ಹೊತ್ತಿಗೆ ಮರಳುವ ಈ ಪ್ರವಾಸವನ್ನು ಇತ್ತೀಚೆಗೆ ನಾವೂ ಕೈಕೊಂಡಿದ್ದೆವು. ಕಂಡದ್ದನ್ನು ವರ್ಣಿಸುವ ಪ್ರವಾಸಕಥನಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದುದರಿಂದ, ನಮಗೆ ತೋರಿಸದೆ ಬಿಟ್ಟದ್ದರ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದು ಹೆಚ್ಚು ಯುಕ್ತವೆಂದು ತೋರುತ್ತದೆ.

ಗಾಲೆಯ ಕೋಟೆಯು ನೋಡತಕ್ಕ ಸ್ಥಳವೆಂಬುದರಲ್ಲಿ ಸಂದೇಹವಿಲ್ಲ. ಮೂರು ಕಡೆ ಸಮುದ್ರ, ಒಂದು ಕಡೆ ನೆಲ. ಸುತ್ತಲೂ ಹವಳದ ಕಲ್ಲನ್ನೂ ಬಂಡೆಗಲ್ಲನ್ನೂ ಸೇರಿಸಿ ಕಟ್ಟಿದ ದಪ್ಪನೆಯ ಗೋಡೆ. ಅದರಲ್ಲಿ ಹದಿನಾಲ್ಕು ಕೊತ್ತಲಗಳು. ನೆಲದ ಕಡೆಗಿರುವ ಮೂರು ಮಹಾ ಕೊತ್ತಲಗಳಿಗೆ ಸೂರ್ಯ, ಚಂದ್ರ, ನಕ್ಷತ್ರಗಳ ಹೆಸರಿಟ್ಟಿದ್ದಾರೆ. ಒಳಗೆ ಸುಮಾರು 52 ಹೆಕ್ಟೇರುಗಳ ಪಟ್ಟಣವೊಂದು ಇಂದಿಗೂ ಬಾಳುತ್ತಿದೆ. 1755ರ ಡಚ್ ಇಗರ್ಜಿಯ ನೆಲಕ್ಕೆ ಗೋರಿಗಲ್ಲುಗಳನ್ನೇ ಹಾಸಿದ್ದಾರೆ. ಭೂಮಿಯ ಅಡಿಯಲ್ಲಿ ಡಚ್ಚರು ಕಟ್ಟಿಸಿದ ಚರಂಡಿಗಳನ್ನು ಸಮುದ್ರದ ಏರಿಳಿತವೇ ತೊಳೆದುಬಿಡುತ್ತಿತ್ತೆಂದು ಹೇಳುವರು. ನಮ್ಮ ಪುರಸಭೆಗಳ ಸದಸ್ಯರು ಇದನ್ನು ಕೇಳಿ ನಿಟ್ಟುಸಿರುಬಿಟ್ಟರೆ ಆಶ್ಚರ್ಯವಿಲ್ಲ. 1988ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಪಟ್ಟಣವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಮಾರ್ಗದರ್ಶಕರು ಸಜ್ಜನರು, ಮಾತು ಬಲ್ಲವರು. ಅವರು ಹೇಳಿದ ಕಥೆಯಲ್ಲಿ ಮೂರು ಅಧ್ಯಾಯಗಳಿದ್ದವು. ಪೋರ್ತುಗೀಜರು ಮೊದಲು ಕೋಟೆ ಕಟ್ಟಿದರು; ಡಚ್ಚರು ಅದನ್ನು ಹಿಡಿದು ಬಲಪಡಿಸಿದರು; 1796ರಲ್ಲಿ ಆಂಗ್ಲರು ಅದನ್ನು ಪಡೆದರು. ಇಸವಿಗಳೆಲ್ಲ ಸರಿಯಾಗಿದ್ದವು, ಹೆಸರುಗಳೂ ಸರಿಯಾಗಿದ್ದವು. ಆದರೆ ಈ ಮೂರು ಅಧ್ಯಾಯಗಳಲ್ಲಿ ಸಿಂಹಳೀಯನೊಬ್ಬನೂ ಬಾಯಿ ತೆರೆಯಲಿಲ್ಲ. ಈ ಗೋಡೆ ಮೇಲೇಳುತ್ತಿದ್ದಾಗ ದೇಶಕ್ಕೆ ದೊರೆ ಯಾರಾಗಿದ್ದನೆಂದು ನಾವು ಕೇಳಿದೆವು. ಅವರು ಮುಗುಳುನಕ್ಕು, ಬಂದವರು ಅದನ್ನು ಕೇಳುವ ವಾಡಿಕೆಯಿಲ್ಲವೆಂದರು. ಊಟದ ಹೊತ್ತು ಸಮೀಪಿಸಿತ್ತು. ಊಟದ ತರುವಾಯ ರತ್ನದ ಅಂಗಡಿಗೆ ಹೋಗಬೇಕಾಗಿತ್ತು. ಪ್ರಶ್ನೆ ಅಲ್ಲಿಗೇ ನಿಂತಿತು.

ಆ ಪ್ರಶ್ನೆಗೆ ಉತ್ತರವು ಇತಿಹಾಸದಲ್ಲಿ ಸ್ಪಷ್ಟವಾಗಿಯೇ ಇದೆ. ಆಗ ಮಲೆನಾಡಿನ ಕ್ಯಾಂಡಿಯಲ್ಲಿ ಎರಡನೆಯ ರಾಜಸಿಂಹನು ಆಳುತ್ತಿದ್ದನು. ಕರಾವಳಿಯನ್ನು ನುಂಗಿದ್ದ ಪೋರ್ತುಗೀಜರ ಸೈನ್ಯವನ್ನು ಅವನು 1638ರ ಮಾರ್ಚಿಯಲ್ಲಿ ಗನ್ನೋರುವದ ಯುದ್ಧದಲ್ಲಿ ನಿರ್ನಾಮ ಮಾಡಿದನು. ನೆಲದ ಮೇಲೆ ಗೆದ್ದವನಿಗೆ ಸಮುದ್ರದ ಕಡೆಯಿಂದ ಕೋಟೆಗಳನ್ನು ಮುತ್ತುವ ಹಡಗುಗಳಿರಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಅವನು ಡಚ್ ಕಂಪೆನಿಯೊಡನೆ ಕೌಲು ಮಾಡಿಕೊಂಡನು. ಡಚ್ಚರು ಪೋರ್ತುಗೀಜರನ್ನು ಓಡಿಸಲು ನೆರವಾಗತಕ್ಕದ್ದು, ರಾಜನು ಖರ್ಚನ್ನು ಕೊಟ್ಟು ದಾಲ್ಚಿನ್ನಿಯ ವ್ಯಾಪಾರವನ್ನು ಅವರಿಗೆ ಬಿಡತಕ್ಕದ್ದು. ಗೆದ್ದ ಕೋಟೆಗಳಲ್ಲಿ ಡಚ್ಚರ ಕಾವಲುಪಡೆ ಇರಬಹುದು. ಆದರೆ ಅದು ರಾಜನಿಗೆ ಇಷ್ಟವಾದರೆ ಮಾತ್ರ. ಈ ಕೊನೆಯ ಷರತ್ತು ರಾಜನ ಕೈಗೆ ಬಂದ ಪೋರ್ತುಗೀಜ್ ಭಾಷೆಯ ಪ್ರತಿಯಲ್ಲಿತ್ತು. ಡಚ್ಚರು ಇಟ್ಟುಕೊಂಡ ತಮ್ಮ ಭಾಷೆಯ ಪ್ರತಿಯಲ್ಲಿ ಅದು ಇರಲಿಲ್ಲ.

ಒಂದು ದೇಶದ ಭವಿತವ್ಯವು ಇಷ್ಟು ಚಿಕ್ಕ ವಾಕ್ಯಖಂಡದ ಮೇಲೆ ನಿಂತಿತ್ತೆಂದರೆ ನಂಬುವುದು ಕಷ್ಟ. ಆದರೆ 1640ರ ಮಾರ್ಚಿಯಲ್ಲಿ ಗಾಲೆ ಬಿದ್ದಾಗ ಡಚ್ಚರು ಅದನ್ನು ಬಿಟ್ಟುಕೊಡಲಿಲ್ಲ. ಖರ್ಚಿನ ಲೆಕ್ಕ ತೀರುವವರೆಗೆ ಇರುವೆವೆಂದರು. ಆ ಲೆಕ್ಕವನ್ನು ಬರೆಯುವವರೂ ಅವರೇ ಆದುದರಿಂದ ಅದು ಎಂದೂ ತೀರಲಿಲ್ಲ. 1656ರಲ್ಲಿ ಕೊಲಂಬೊ ಬಿದ್ದಾಗ ರಾಜನ ಸೇನೆಗೇ ನಗರದ ಬಾಗಿಲನ್ನು ಮುಚ್ಚಿದರು. ಸಿಂಹಳದ ಜನ ಈ ವ್ಯವಹಾರವನ್ನು ಗಾದೆಯಾಗಿ ಕಟ್ಟಿಟ್ಟುಕೊಂಡಿದ್ದಾರೆ: ಶುಂಠಿ ಕೊಟ್ಟು ಮೆಣಸಿನಕಾಯಿ ಕೊಂಡಂತೆ. ನಮ್ಮಲ್ಲಿ ಬಾಣಲೆಯಿಂದ ಬೆಂಕಿಗೆ ಎನ್ನುವುದುಂಟು. ಬಾಣಲೆಯಿಂದ ಬೀಳುವವನು ಕೈಜಾರಿ ಬಿದ್ದಾನು. ಮೆಣಸಿನಕಾಯಿ ಕೊಂಡವನಾದರೋ ಬೆಲೆಯನ್ನು ತಾನೇ ಎಣಿಸಿಕೊಟ್ಟಿರುತ್ತಾನೆ. ಸಿಂಹಳೀಯರ ಗಾದೆಯಲ್ಲಿ ಆ ಪಶ್ಚಾತ್ತಾಪವೂ ಸೇರಿದೆ.

ಈ ಕಥೆಯನ್ನು ಬಲ್ಲವನಿಗೆ ಆ ಗೋಡೆಗಳು ಬೇರೆಯಾಗಿಯೇ ಕಾಣುತ್ತವೆ. ಪ್ರವಾಸಿಗಳೆಲ್ಲ ಭಾವಚಿತ್ರ ತೆಗೆಯಿಸಿಕೊಳ್ಳುವ ಹಳೆಯ ಬಾಗಿಲಿನ ಒಳಮುಖದಲ್ಲಿ 1669ರ ಇಸವಿಯೊಡನೆ ಡಚ್ ಕಂಪೆನಿಯ ಲಾಂಛನವಿದೆ. ಎರಡು ಸಿಂಹಗಳು, ಮೇಲೊಂದು ಹುಂಜ. ಹೊರಮುಖದಲ್ಲಿ ಆಂಗ್ಲರ ರಾಜಚಿಹ್ನೆಯಿದೆ. ಹುಂಜವೇಕೆಂದರೆ, ಊರಿನ ಹೆಸರು ಲ್ಯಾಟಿನ್ ಭಾಷೆಯಲ್ಲಿ ಹುಂಜಕ್ಕಿರುವ ಹೆಸರನ್ನು ಹೋಲುವುದರಿಂದ. ಊರವರ ಬಾಯಲ್ಲಿ ಇದು ಗಾಲ್ಲ. ದನಗಳು ತಂಗುವ ತಾಣವೆಂಬ ಸಿಂಹಳ ಮಾತಿನಿಂದ ಬಂದ ಹೆಸರೆಂದು ಕೆಲವರೂ, ಬಂಡೆಯೆಂಬ ಮಾತಿನಿಂದ ಬಂದುದೆಂದು ಕೆಲವರೂ ಹೇಳುತ್ತಾರೆ. ಎರಡರಲ್ಲಿ ಯಾವುದಾದರೂ ಆಗಲಿ, ಹುಂಜದ ಮಾತು ಅಲ್ಲಿಲ್ಲ. ಪರಕೀಯರು ಊರನ್ನು ಹಿಡಿದರು. ಊರಿನ ಹೆಸರಿನ ಅರ್ಥವನ್ನೂ ಹಿಡಿದರು. ಕೋಟೆಯನ್ನು ಮರಳಿ ಪಡೆಯುವುದು 1948ರಲ್ಲಿ ಸಾಧ್ಯವಾಯಿತು. ಅರ್ಥವು ಮಾತ್ರ ಮಾರ್ಗದರ್ಶಕರ ಬಾಯಲ್ಲಿ ಇನ್ನೂ ಅವರದಾಗಿಯೇ ಉಳಿದಿದೆ.

ಇಷ್ಟೆಲ್ಲ ಗೋಡೆ ಯಾವುದನ್ನು ಕಾಯುವುದಕ್ಕಾಗಿ? ಒಂದು ಮರದ ತೊಗಟೆಯನ್ನು. ದಾಲ್ಚಿನ್ನಿಯನ್ನು ಸುಲಿಯುವುದಕ್ಕೆ ಸಾಲಗಾಮ ಎಂಬ ಒಂದು ಜಾತಿಯವರನ್ನು ಕಡ್ಡಾಯವಾಗಿ ಕಾಡಿಗೆ ಅಟ್ಟುತ್ತಿದ್ದರು. ಕಂಪೆನಿಯ ಅಪ್ಪಣೆಯಿಲ್ಲದೆ ದಾಲ್ಚಿನ್ನಿಯನ್ನು ಸುಲಿದವನಿಗೂ ಮಾರಿದವನಿಗೂ ಮರಣದಂಡನೆಯವರೆಗೆ ಶಿಕ್ಷೆಯಿತ್ತು. ಕೋಟೆಯ ಬೀದಿಯ ಅಂಗಡಿಯಲ್ಲಿ ಅದೇ ದಾಲ್ಚಿನ್ನಿಯನ್ನು ಅಂದವಾದ ಡಬ್ಬಿಗಳಲ್ಲಿ ಮಾರುತ್ತಾರೆ. ನಾವೂ ಒಂದನ್ನು ಕೊಂಡೆವು. ಅದರ ಹಿಂದಿನ ಬೆಲೆಯನ್ನು ಯಾರೂ ಹೇಳಲಿಲ್ಲ.

ಇನ್ನೊಂದು ಸಂಗತಿಯನ್ನು ಹೇಳದಿರಲಾರೆವು. 1911ರಲ್ಲಿ ಗಾಲೆಯ ಒಂದು ಬೀದಿಯಲ್ಲಿ ಮೋರಿಯ ಮೇಲೆ ಬೋರಲಾಗಿ ಮುಚ್ಚಿದ್ದ ಕಲ್ಲೊಂದನ್ನು ಎತ್ತಿದಾಗ ಅದೊಂದು ಶಾಸನವೆಂದು ತಿಳಿಯಿತು. ಚೀನಾದ ನೌಕಾಧಿಪತಿ ಝೆಂಗ್ ಹೆ ತಂದು ನಿಲ್ಲಿಸಿದ 1409ರ ಶಾಸನ ಅದು. ಅದರ ಚೀನೀ ಪಾಠವು ಬುದ್ಧನಿಗೆ ಕಾಣಿಕೆ ಒಪ್ಪಿಸುತ್ತದೆ; ತಮಿಳು ಪಾಠವು ದ್ವೀಪದ ದಕ್ಷಿಣ ತುದಿಯ ತೇನವರೈ ಕ್ಷೇತ್ರದ ದೇವರಿಗೆ; ಪಾರಸಿ ಪಾಠವು ಅಲ್ಲಾಹುವಿಗೆ. ಯೂರೋಪಿಯನ್ನರ ಹಡಗು ಈ ಸಮುದ್ರಕ್ಕೆ ಬರುವ ಎಷ್ಟೋ ಮೊದಲು ಇಲ್ಲಿ ಮೂರು ಮತಗಳ, ಮೂರು ಭಾಷೆಗಳ ವರ್ತಕರು ಸೇರುತ್ತಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಆದರೆ ಪೂರ್ವದೇಶದವರೆಲ್ಲ ಸಾಧುಗಳೆಂದು ನಾವು ವಾದಿಸುವುದಿಲ್ಲ. ಅದೇ ಝೆಂಗ್ ಹೆ ಎರಡೇ ವರ್ಷಗಳಲ್ಲಿ ಸೈನ್ಯದೊಡನೆ ಬಂದು ಸಿಂಹಳದ ಅರಸನನ್ನು ಸೆರೆಹಿಡಿದೊಯ್ದನು. ಕಾಣಿಕೆ ತರುವ ಹಡಗು ಸಂಕೋಲೆಯನ್ನೂ ತರಬಲ್ಲದು. ತೇನವರೈ ದೇವಾಲಯವನ್ನು 1588ರಲ್ಲಿ ಪೋರ್ತುಗೀಜರು ಹಾಳುಮಾಡಿದರು. ಶಾಸನವು ಈಗ ಕೊಲಂಬೊವಿನ ವಸ್ತುಸಂಗ್ರಹಾಲಯದಲ್ಲಿದೆ. ಒಂದು ದಿನದ ಪ್ರವಾಸದವರಿಗೆ ಗಾಲೆಯಲ್ಲಿ ಅದರ ಹೆಸರೂ ಕೇಳಿಬರುವುದಿಲ್ಲ. ಆ ಕಲ್ಲು ಮೋರಿಯ ಮೇಲಿಂದ ಎದ್ದು ನೂರು ವರ್ಷಗಳ ಮೇಲಾಯಿತು. ಅದರ ಮಾತು ಮಾತ್ರ ಇನ್ನೂ ಬೋರಲಾಗಿಯೇ ಬಿದ್ದಿದೆ.

ಹಳೆಯದನ್ನು ಬಿಡೋಣ, ನಮ್ಮ ಕಾಲದ ದುಃಖವನ್ನಾದರೂ ತೋರಿಸಿದರೆ? 2004ರ ಡಿಸೆಂಬರ್ 26ರ ಬೆಳಿಗ್ಗೆ ಸಮುದ್ರ ಉಕ್ಕಿ ಬಂದಾಗ ಕೋಟೆಯ ಗೋಡೆಗಳು ಒಳಗಿನ ಪಟ್ಟಣವನ್ನು ಬಹುಮಟ್ಟಿಗೆ ಕಾಪಾಡಿದವು. ಹೊರಗಿನ ಬಸ್ ನಿಲ್ದಾಣವೂ ಪೇಟೆಯೂ ಕ್ರಿಕೆಟ್ ಮೈದಾನವೂ ನೀರಿನಲ್ಲಿ ಕೊಚ್ಚಿಹೋದವು. ಕೊಲಂಬೊದಿಂದ ಹೊರಟು ಗಾಲೆಯ ಕಡೆಗೆ ಬರುತ್ತಿದ್ದ ರೈಲು ಪೆರಾಲಿಯ ಗ್ರಾಮದ ಹತ್ತಿರ ಅಲೆಗೆ ಸಿಕ್ಕಿ, ಸಾವಿರಕ್ಕೂ ಹೆಚ್ಚು ಮಂದಿ ಮಡಿದರು. ಕರಾವಳಿಯ ಹಳೆಯ ರಸ್ತೆಯಲ್ಲಿ ಹೋದವನಿಗೆ ಅಲ್ಲಿ ಸ್ಮಾರಕ ಕಾಣಸಿಗುತ್ತದೆ. 2011ರಲ್ಲಿ ಗಾಲೆಯವರೆಗೆ ತೆರೆದ ವೇಗದ ಹೆದ್ದಾರಿಯು ಒಳನಾಡಿನಲ್ಲಿ ಹಾದುಹೋಗುವುದರಿಂದ, ಸಮಯ ಉಳಿಸುವ ಪ್ರವಾಸಿಗಳಿಗೆ ಅದು ಕಾಣುವುದಿಲ್ಲ. ನಮಗೂ ಕಾಣಲಿಲ್ಲ, ಉಳಿದ ಸಮಯವು ರತ್ನದ ಅಂಗಡಿಯಲ್ಲಿ ವ್ಯಯವಾಯಿತು. ಕೋಟೆಯೊಳಗೂ ಹಳೆಯ ಮನೆಗಳು ಒಂದೊಂದಾಗಿ ಪರರ ಕೈಸೇರಿ ಹೋಟೆಲುಗಳಾಗಿವೆ. ತಲೆಮಾರುಗಳಿಂದ ಬಾಳಿದ ಮನೆತನಗಳು ಹೊರಟುಹೋದ ಮೇಲೆ, ಕೇಳುವವನು ಬಂದರೂ ಹೇಳುವವರು ಯಾರು?

ಇದಕ್ಕೆಲ್ಲ ಮಾರ್ಗದರ್ಶಕರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಅವರಿಗೆ ಇರುವುದು ನಾಲ್ಕು ಗಂಟೆಗಳ ಅವಧಿ. ಬಿಸಿಲಿಗೆ ಬೇಸತ್ತ ಇಪ್ಪತ್ತು ಮಂದಿಯನ್ನು ನಗಿಸುತ್ತ ನಡೆಸಬೇಕು. ಮನೆಯಲ್ಲಿ ಒಲೆ ಉರಿಯಬೇಕು. ಗಿರಾಕಿ ಕೇಳಿದ ಸರಕನ್ನೇ ಅಂಗಡಿಯವನು ತರಿಸುತ್ತಾನೆ. ಗೆದ್ದವರ ಹೆಸರು, ಗೋಡೆಯ ಅಳತೆ, ಭಾವಚಿತ್ರಕ್ಕೆ ಒಳ್ಳೆಯ ಜಾಗ, ಇಷ್ಟನ್ನೇ ನಾವು ಕೇಳುತ್ತ ಬಂದಿದ್ದರೆ ದೊರೆಯುವುದೂ ಅಷ್ಟೇ. ವಿನೋದಕ್ಕೆಂದು ಬಂದವರ ಮೇಲೆ ಇತಿಹಾಸದ ಹೊರೆಯೇಕೆಂದು ಕೆಲವರು ಕೇಳಬಹುದು. ವಿನೋದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಇತಿಹಾಸವನ್ನು ಹೇಗೂ ಹೇಳುತ್ತಲೇ ಇದ್ದಾರಷ್ಟೆ; ಅರ್ಧ ಹೇಳಿದ ಇತಿಹಾಸವು ಹಗುರವೂ ಅಲ್ಲ, ನಿರಪಾಯವೂ ಅಲ್ಲ. ಬಂದವನು ಕಟ್ಟಿದನು, ಇದ್ದವನು ನೋಡುತ್ತ ನಿಂತನು ಎಂಬ ಭಾವನೆಯನ್ನು ಬಾಲಕನೊಬ್ಬನು ಕೋಟೆಯಿಂದ ಮನೆಗೆ ಕೊಂಡೊಯ್ದರೆ, ಅವನ ಮನಸ್ಸಿನಲ್ಲಿ ಪರಕೀಯರ ಧ್ವಜ ಇನ್ನೂ ಇಳಿದಿಲ್ಲವೆಂದೇ ಅರ್ಥ.

ಸಿಂಹಳದವರಿಗೆ ಬುದ್ಧಿ ಹೇಳಲು ನಾವು ಹೊರಟಿಲ್ಲ. ದೀಪದ ಕೆಳಗಿನ ಕತ್ತಲೆಯನ್ನು ನಾವು ಬಲ್ಲೆವು. ರಾಜಸಿಂಹನು ಕಾದಿದ ಅದೇ ಪೋರ್ತುಗೀಜರನ್ನು, ಗಾಲೆ ಬಿದ್ದ ಸುಮಾರು ಹನ್ನೆರಡು ವರ್ಷಗಳ ತರುವಾಯ, ಕೆಳದಿಯ ಶಿವಪ್ಪನಾಯಕನು ಬಸರೂರು, ಗಂಗೊಳ್ಳಿ, ಹೊನ್ನಾವರಗಳ ಕೋಟೆಗಳಿಂದ ಹೊರಗಟ್ಟಿದನು. ಈ ಕಾರ್ಯವು 1652ರಿಂದ 1654ರೊಳಗೆ ನಡೆಯಿತು. ಗಾಲೆಯ ಗೋಡೆಯ ಮೇಲೆ ನಿಂತ ಕನ್ನಡಿಗನಿಗೆ ಇದು ನೆನಪಾಗಬೇಕಾದುದು ಸಹಜ. ಆದರೆ ನಮ್ಮೊಡನಿದ್ದ ವಿದ್ಯಾವಂತರಲ್ಲಿ ಒಬ್ಬರಿಗೂ ಅದು ತಿಳಿದಿರಲಿಲ್ಲ. ಹೊನ್ನಾವರವನ್ನು ಅವರು ಬಸ್ಸಿನ ಕಿಟಕಿಯಿಂದ ಬಲ್ಲರು. ಬಸರೂರನ್ನು ಅಷ್ಟೂ ಅರಿಯರು. ಸ್ವಂತ ತೀರದ ಕಥೆಯನ್ನು ಬಲ್ಲವನಾದರೆ ನೆರೆಯ ತೀರದಲ್ಲಿ ಸರಿಯಾದ ಪ್ರಶ್ನೆಯನ್ನು ಕೇಳಿಯಾನು.

ಆದುದರಿಂದ ನಮ್ಮ ಸೂಚನೆಗಳು ಸರಳವಾದವು. ಪ್ರವಾಸಕ್ಕೆ ಹೊರಡುವ ಮಹನೀಯರು ಹೋಗುವ ಊರಿನ ವಿಷಯವಾಗಿ ಆ ದೇಶದವರೇ ಬರೆದ ಒಂದು ಪುಸ್ತಕವನ್ನಾದರೂ ಮೊದಲು ಓದಲಿ. ಪ್ರತಿ ಕೋಟೆಯಲ್ಲಿಯೂ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಲಿ: ಇದನ್ನು ಕಟ್ಟುವ ಮುನ್ನ ಇಲ್ಲಿ ಯಾರಿದ್ದರು? ಕಲ್ಲು ಹೊತ್ತವರು ಯಾರು? ಈಗ ಒಳಗೆ ಬಾಳುವವರು ಯಾರು? ಹತ್ತು ಮಂದಿ ಕೇಳಿದರೆ ಹನ್ನೊಂದನೆಯವನಿಗೆ ಉತ್ತರ ಸಿದ್ಧವಾಗಿರುತ್ತದೆ. ನಮ್ಮ ಪ್ರವಾಸೋದ್ಯಮದ ಅಧಿಕಾರಿಗಳ ಲಕ್ಷ್ಯವನ್ನೂ ಈ ಕಡೆಗೆ ಸೆಳೆಯಬಯಸುತ್ತೇವೆ. ಮಿರ್ಜಾನ, ಬಸರೂರು, ಹೊನ್ನಾವರಗಳಲ್ಲಿ ಊರಿನ ತರುಣರಿಗೇ ಶಿಕ್ಷಣ ಕೊಟ್ಟು, ಊರಿನ ಕಥೆಯನ್ನು ಕನ್ನಡದಲ್ಲಿ ಹೇಳುವ ಮಾರ್ಗದರ್ಶಕರನ್ನಾಗಿ ಮಾಡುವುದಕ್ಕೆ ಅಪಾರ ಧನ ಬೇಕಿಲ್ಲ, ಬೇಕಾದುದು ಮನಸ್ಸು.

1638ರ ಕೌಲಿನಲ್ಲಿ ಡಚ್ಚರು ಬಿಟ್ಟದ್ದು ಒಂದೇ ಒಂದು ಷರತ್ತನ್ನು. ರಾಜನಿಗೆ ಇಷ್ಟವಾದರೆ ಎಂಬಷ್ಟೇ ಮಾತನ್ನು. ಉಳಿದುದೆಲ್ಲ ಸರಿಯಾಗಿಯೇ ಇತ್ತು. ಆ ಒಂದು ಮಾತು ಬಿಟ್ಟುಹೋದುದರಿಂದ ಕರಾವಳಿಯೇ ಕೈಬಿಟ್ಟುಹೋಯಿತು. ಇಸವಿಗಳೂ ಹೆಸರುಗಳೂ ಸರಿಯಾಗಿರುವ ಕಥೆಯನ್ನು ಕೇಳುವಾಗ ಕೂಡ, ಬಿಟ್ಟದ್ದೇನೆಂದು ಕೇಳುವ ಎಚ್ಚರವು ಸ್ವತಂತ್ರ ಜನಾಂಗದವರಿಗೆ ಇರತಕ್ಕದ್ದು.