ಆಂಜಿಯೋಗ್ರಾಂ: ಯಾರಿಗೆ ಈಗಲೇ, ಯಾರಿಗೆ ನಾಳೆ?

ಎದೆನೋವೆಂದೊಡನೆ ಆಂಜಿಯೋಗ್ರಾಂ ಈ ರಾತ್ರಿಯೇ ಆಗಬೇಕೆಂಬ ಹಟವನ್ನು ನಾವು ಒಪ್ಪೆವು. ಬೇಡವೇ ಬೇಡವೆಂದು ರೋಗಿಯನ್ನು ಮನೆಗೆ ಕರೆದೊಯ್ಯುವುದನ್ನಂತೂ ಒಪ್ಪಲಾರೆವು. ಇಸಿಜಿಯಲ್ಲಿ ಎಸ್‌ಟಿ ಭಾಗ ಮೇಲೆದ್ದಿದ್ದರೆ ರಕ್ತನಾಳ ಪೂರ್ಣ ಮುಚ್ಚಿದೆಯೆಂದೇ ಭಾವಿಸಿ ತಡಮಾಡದೆ ತೆರೆಯಿಸಬೇಕು. 120 ನಿಮಿಷಗಳೊಳಗೆ ಅದು ಸಾಧ್ಯವಿಲ್ಲದಷ್ಟು ದೂರದಲ್ಲಿ ದೊಡ್ಡಾಸ್ಪತ್ರೆ ಇದ್ದರೆ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಮೊದಲು ಪಡೆದೇ ಮುಂದೆ ಸಾಗಬೇಕು. ಈ ದುಬಾರಿ ಮದ್ದನ್ನು ಹೃದಯ ಜ್ಯೋತಿ ಯೋಜನೆಯಡಿ ನಮ್ಮ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ನೀಡಲಾಗುತ್ತಿದೆಯೆಂಬುದನ್ನು ಭಕ್ತರು ಅರಿತಿರಲಿ.

ಎಸ್‌ಟಿ ಏಳದೆ, ರಕ್ತದಲ್ಲಿ ಟ್ರೊಪೊನಿನ್ ಮಾತ್ರ ಏರಿದವರ ಸಂಗತಿ ಬೇರೆ. ನೋವು ನಿಲ್ಲದಿದ್ದರೆ, ರಕ್ತದೊತ್ತಡ ಕುಸಿದರೆ 2 ಗಂಟೆಯೊಳಗೆ ಆಂಜಿಯೋಗ್ರಾಂ ಆಗಬೇಕು. ಅಪಾಯ ಹೆಚ್ಚಿರುವ ಇತರರಿಗೆ 24 ಗಂಟೆಯೊಳಗೆ. ಅಪಾಯ ಕಡಿಮೆಯಿರುವವರಿಗೆ ಆತುರದಿಂದ ಹೆಚ್ಚಿನ ಲಾಭ 2009ರ ಟೈಮ್ಯಾಕ್ಸ್ ಅಧ್ಯಯನದಲ್ಲಿ ಕಾಣಲಿಲ್ಲ. ಆದ್ದರಿಂದ ವೈದ್ಯರು ‘ನಾಳೆ ಮಾಡೋಣ’ ಎಂದಾಗ ಜಗಳಕ್ಕಿಳಿಯದೆ, ಇಸಿಜಿ ಏನು ಹೇಳುತ್ತದೆಂದು ಕೇಳಿರಿ.