ನಾಯಿಮರಿಯ ತಟ್ಟೆಯಲ್ಲಿ ಹಾಲು-ಅನ್ನ

ನಮ್ಮ ಕಡೆ ನಾಯಿಮರಿಯೊಂದು ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬಂದಿತೆಂದರೆ ಅದರ ಮುಂದೆ ಇಡುವ ಮೊದಲನೆಯ ಆಹಾರ ಹಾಲು. ಎರಡನೆಯದು ಹಾಲು ಕಲಸಿದ ಅನ್ನ. ಇದರ ಹಿಂದೆ ಇರುವ ಪ್ರೀತಿಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಪ್ರೀತಿಗೆ ತೂಕವಿಲ್ಲ, ಸುಣ್ಣಕ್ಕೆ ಉಂಟು. ಬೆಳೆಯುವ ಎಲುಬು ಕೇಳುವುದು ಎರಡನೆಯದನ್ನು.

ಮುಧೋಳ ತಳಿಯ ಮರಿಯೊಂದನ್ನು ನಾವು ಮನೆಗೆ ತಂದಾಗ ಅದಕ್ಕೆ ಹತ್ತು ವಾರ ತುಂಬಿತ್ತು. ನಮ್ಮದು ಮಾಂಸ ಮೊಟ್ಟೆಗಳು ಹೊಸ್ತಿಲು ದಾಟದ ಮನೆ. ನನ್ನ ತಾಯಿ ದಿನಕ್ಕೆ ನಾಲ್ಕು ಸಲ ಮೆತ್ತಗೆ ಬೇಯಿಸಿದ ಅನ್ನಕ್ಕೆ ಹಸುವಿನ ಹಾಲು ಬೆರೆಸಿ ಉಣಿಸುತ್ತಿದ್ದರು. ಎಲುಬು ಗಟ್ಟಿಯಾಗಲೆಂದು ನಾನು ಅದನ್ನು ಪ್ರತಿದಿನ ಬೆಳಗ್ಗೆ ಎಳೆಬಿಸಿಲಿನಲ್ಲಿ ಕಟ್ಟುತ್ತಿದ್ದೆ. ವಿಜ್ಞಾನ ಓದಿದವನೆಂಬ ಹೆಮ್ಮೆಯೂ ಅದರಲ್ಲಿ ಸ್ವಲ್ಪ ಸೇರಿತ್ತು. ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಮರಿಯ ಮುಂಗಾಲುಗಳು ಬಿಲ್ಲಿನಂತೆ ಬಾಗಿದವು, ಗಂಟುಗಳು ಊದಿಕೊಂಡವು. ಓಡುವುದಕ್ಕೆಂದೇ ಹುಟ್ಟಿದ ಜಾತಿಯ ಪ್ರಾಣಿ ಮೆಟ್ಟಿಲಿನ ಕೆಳಗೆ ನಿಂತು ಅಳತೊಡಗಿತು. ಪಶುವೈದ್ಯರು ಏನು ತಿನ್ನಿಸುತ್ತಿರುವಿರೆಂದು ಕೇಳಿದಾಗ ನಾವು ಅಭಿಮಾನದಿಂದಲೇ ಉತ್ತರ ಹೇಳಿದೆವು. ಅವರು ಏನೂ ಮಾತನಾಡದೆ ಕ್ಷಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಎಲುಬಿನ ಹೊರಪದರ ಕಾಗದದಷ್ಟು ತೆಳ್ಳಗೆ ಕಾಣುತ್ತಿತ್ತು.

ಮನೆಗೆ ಬಂದ ಮೇಲೆ ನಾನು ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ತಡವಾಗಿ ಮಾಡಿದೆ. ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ.

ಪ್ರಾಣಿಯ ದೇಹ ದೊಡ್ಡದಾದಂತೆ ಅದಕ್ಕೆ ಬೇಕಾದ ಶಕ್ತಿ ತೂಕದಷ್ಟೇ ವೇಗದಲ್ಲಿ ಏರುವುದಿಲ್ಲ. ಮ್ಯಾಕ್ಸ್ ಕ್ಲೈಬರ್ ಎಂಬ ಶಾಸ್ತ್ರಜ್ಞ 1932ರಲ್ಲಿ ತೋರಿಸಿದಂತೆ ಅದು ತೂಕದ ಮುಕ್ಕಾಲನೆಯ ಘಾತವನ್ನು ಅನುಸರಿಸುತ್ತದೆ. ಸುಮ್ಮನೆ ಮಲಗಿರುವ ನಾಯಿಗೆ ಬೇಕಾದ ದಿನದ ಕ್ಯಾಲೊರಿಯನ್ನು ಪಶುವೈದ್ಯರು ಈ ನಿಯಮದಿಂದಲೇ ಕಂಡುಹಿಡಿಯುತ್ತಾರೆ: ಕಿಲೋಗ್ರಾಂ ತೂಕದ ಮುಕ್ಕಾಲನೆಯ ಘಾತವನ್ನು 70ರಿಂದ ಗುಣಿಸಬೇಕು. ನಾಲ್ಕು ತಿಂಗಳೊಳಗಿನ ಮರಿಗೆ ಆ ಮೊತ್ತದ ಸುಮಾರು ಮೂರರಷ್ಟು ಬೇಕು. ಆಮೇಲೆ ಎರಡರಷ್ಟು ಸಾಕು. ಹಾಗಾದರೆ 5 ಕಿಲೋಗ್ರಾಂ ತೂಗುವ ಎಳೆಯ ಮರಿಗೆ ದಿನಕ್ಕೆ ಸುಮಾರು 700 ಕ್ಯಾಲೊರಿ ಬೇಕಾಗುತ್ತದೆ. 20 ಕಿಲೋಗ್ರಾಂ ತೂಗುವ ಬೆಳೆದ ನಾಯಿಗೆ ಬೇಕಾಗುವುದು 1,060ರ ಆಸುಪಾಸು. ಕಾಲುಪಾಲು ತೂಕದ ಮರಿ ದೊಡ್ಡ ನಾಯಿಯ ಊಟದ ಮೂರರಲ್ಲಿ ಎರಡು ಪಾಲನ್ನು ಬೇಡುತ್ತದೆ ಎಂದಾಯಿತು.

ಈ 700 ಕ್ಯಾಲೊರಿಯನ್ನು ಅನ್ನದಿಂದಲೇ ಒದಗಿಸುವುದಾದರೆ ಅನ್ನ ಅರ್ಧ ಕಿಲೋಗ್ರಾಮಿಗೂ ಮಿಕ್ಕಿ ಬೇಕು. 5 ಕಿಲೋಗ್ರಾಂ ಮರಿ ತನ್ನ ತೂಕದ ಹತ್ತನೆಯ ಒಂದು ಪಾಲಿನಷ್ಟು ಅನ್ನ ತಿನ್ನಬೇಕು. 50 ಕಿಲೋಗ್ರಾಂ ತೂಗುವ ಮನುಷ್ಯನ ಮುಂದೆ 5 ಕಿಲೋಗ್ರಾಂ ಅನ್ನ ಬಡಿಸಿದಂತೆ. ಅಷ್ಟು ತಿಂದರೂ ಸಿಗುವ ಸಸಾರಜನಕ ಸುಮಾರು 15 ಗ್ರಾಂ. ಮರಿಗೆ ಬೇಕಾದದ್ದು 40 ಗ್ರಾಂ. ಅಮೆರಿಕದ ಮೇವು ನಿಯಂತ್ರಣಾಧಿಕಾರಿಗಳ ಸಂಘ ಹಾಕಿಕೊಟ್ಟಿರುವ ಅಳತೆಯಂತೆ ಬೆಳೆಯುವ ಮರಿಗೆ ಪ್ರತಿ 1,000 ಕ್ಯಾಲೊರಿ ಆಹಾರದಲ್ಲಿ ಕಡೆಯ ಪಕ್ಷ 3 ಗ್ರಾಂ ಕ್ಯಾಲ್ಸಿಯಂ ಇರತಕ್ಕದ್ದು. ನಮ್ಮ ಮರಿಗೆ ಅದು ದಿನಕ್ಕೆ 2.1 ಗ್ರಾಂ ಆಯಿತು. ಅನ್ನದಲ್ಲಿ ಇರುವ ಕ್ಯಾಲ್ಸಿಯಂ ಲೆಕ್ಕಕ್ಕೇ ಬರುವಂತಿಲ್ಲ. ಹಾಲು ಉಂಟಲ್ಲ ಎನ್ನುವಿರಾ? ನಾನೂ ಹಾಗೆಂದೇ ನಂಬಿದ್ದೆ. 100 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. 2.1 ಗ್ರಾಂ ದೊರೆಯಬೇಕಾದರೆ ಆ ಪುಟ್ಟ ಪ್ರಾಣಿ ದಿನಕ್ಕೆ ಒಂದೂ ಮುಕ್ಕಾಲು ಲೀಟರ್ ಹಾಲು ಕುಡಿಯಬೇಕು. ನಾವು ಕೊಡುತ್ತಿದ್ದುದು ಎರಡು ಲೋಟ.

ಕುಡಿದರೂ ದಕ್ಕುವುದಿಲ್ಲ. ತಾಯಿನಾಯಿಯ ಹಾಲಿನಲ್ಲಿ ಸಸಾರಜನಕವೂ ಕೊಬ್ಬೂ ಹಸುವಿನ ಹಾಲಿನಲ್ಲಿರುವುದರ ಎರಡರಷ್ಟಕ್ಕಿಂತ ಹೆಚ್ಚು. ಹಾಲಿನ ಸಕ್ಕರೆ ಮಾತ್ರ ಕಡಮೆ. ಮೊಲೆ ಬಿಟ್ಟ ಮರಿಯ ಕರುಳಿನಲ್ಲಿ ಈ ಸಕ್ಕರೆಯನ್ನು ಒಡೆಯುವ ಕಿಣ್ವ ದಿನದಿಂದ ದಿನಕ್ಕೆ ಇಳಿಯುತ್ತದೆ. ಒಡೆಯದೆ ಉಳಿದ ಸಕ್ಕರೆ ಭೇದಿಯಾಗಿ ಹೊರಬೀಳುತ್ತದೆ. ರಾಗಿಯಲ್ಲಿ ಸುಣ್ಣ ಹೇರಳವಾಗಿದೆ ಎಂದು ನೆರೆಯವರೊಬ್ಬರು ಹೇಳಿದರು. ನಿಜ, 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಉಂಟು. ಆದರೆ ಮರಿಗೆ ಬೇಕಾದಷ್ಟು ಪಡೆಯಲು ದಿನಕ್ಕೆ 600 ಗ್ರಾಂ ಹಿಟ್ಟಿನ ಮುದ್ದೆ ಕಟ್ಟಬೇಕು, ಮತ್ತು ಅದರಲ್ಲಿರುವ ಫೈಟಿಕ್ ಆಮ್ಲ ಸುಣ್ಣವನ್ನು ಹಿಡಿದಿಟ್ಟುಕೊಂಡು ಕರುಳು ಹೀರಲು ಬಿಡುವುದಿಲ್ಲ. ನಮ್ಮ ಅಜ್ಜಂದಿರ ನಾಯಿಗಳು ಮುದ್ದೆ ತಿಂದೇ ಬದುಕಲಿಲ್ಲವೆ ಎಂಬ ಪ್ರಶ್ನೆ ಬರುವುದು ಸಹಜ. ಬದುಕಿದವುಗಳನ್ನು ಮಾತ್ರ ನಾವು ನೆನಪಿನಲ್ಲಿ ಇಟ್ಟುಕೊಂಡಿದ್ದೇವೆ. ಅವೂ ಮುದ್ದೆಯೊಂದನ್ನೇ ತಿನ್ನಲಿಲ್ಲ. ಹೊಲದ ಇಲಿ, ತಿಪ್ಪೆಯ ಎಲುಬು, ಹಟ್ಟಿಯ ಹಿಂದೆ ಬಿದ್ದ ಕರುವಿನ ಮಾಸು ಇವೆಲ್ಲ ಅವುಗಳ ಪಾಲಿಗೆ ಇದ್ದವು. ಸರಪಳಿಯಲ್ಲಿ ಕಟ್ಟಿದ ನಾಯಿಗೆ ನಾವು ಕೊಟ್ಟದ್ದಲ್ಲದೆ ಬೇರೇನೂ ಇಲ್ಲ.

ಇನ್ನು ನನ್ನ ಎಳೆಬಿಸಿಲಿನ ಕತೆ. ಆಂಗ್ಲ ವೈದ್ಯ ಎಡ್ವರ್ಡ್ ಮೆಲನ್‌ಬಿ, ಮಕ್ಕಳ ಎಲುಬನ್ನು ಮೆತ್ತಗೆ ಮಾಡುವ ರಿಕೆಟ್ಸ್ ರೋಗದ ಮೂಲವನ್ನು ಹುಡುಕಹೊರಟಾಗ ಪ್ರಯೋಗಕ್ಕೆ ಆರಿಸಿಕೊಂಡದ್ದು ನಾಯಿಮರಿಗಳನ್ನೇ. ಮರಿಗಳನ್ನು ಒಳಮನೆಯಲ್ಲಿ ಇರಿಸಿ ಓಟ್ಸ್ ಗಂಜಿಯಂಥ ಆಹಾರದ ಮೇಲೆ ಬೆಳೆಸಿದಾಗ ಅವುಗಳ ಕಾಲು ಬಾಗಿತು. ಕಾಡ್ ಮೀನಿನ ಯಕೃತ್ತಿನ ಎಣ್ಣೆಯನ್ನು ಸೇರಿಸಿದಾಗ ರೋಗ ಬರಲಿಲ್ಲ. 1919ರಲ್ಲಿ ಆತ ಇದನ್ನು ಪ್ರಕಟಿಸಿದನು. ಎಣ್ಣೆಯಲ್ಲಿದ್ದ ಆ ವಸ್ತುವಿಗೆ 'ಡಿ' ಜೀವಸತ್ತ್ವವೆಂಬ ಹೆಸರು ಬಂದದ್ದು 1922ರಲ್ಲಿ ಅಮೆರಿಕದ ಮೆಕಾಲಮನ ಕೆಲಸದಿಂದ. ಇಂದು ಹಸುಗೂಸಿನ ಎಲುಬು ನೆಟ್ಟಗಿರುವುದಕ್ಕೆ ನಾವು ಯಾರಿಗೆ ಋಣಿಗಳೆಂಬುದನ್ನು ಒಮ್ಮೆ ನೆನೆಯಬೇಕು. ಬಿಸಿಲು ಬಿದ್ದರೆ ಮನುಷ್ಯನ ಚರ್ಮವೇ ಈ ಜೀವಸತ್ತ್ವವನ್ನು ತಯಾರಿಸಿಕೊಳ್ಳುತ್ತದೆ. ನಾಯಿಯ ಚರ್ಮ ಹಾಗಲ್ಲ. ಅದಕ್ಕೆ ಬೇಕಾದ ಮೂಲವಸ್ತು ಅಲ್ಲಿ ಉಳಿಯುವುದೇ ಅತ್ಯಲ್ಪ. ನಾಯಿ 'ಡಿ' ಜೀವಸತ್ತ್ವವನ್ನು ಆಹಾರದಿಂದಲೇ ಪಡೆಯಬೇಕು: ಮೀನು, ಯಕೃತ್ತು, ಮೊಟ್ಟೆಯ ಹಳದಿ. ನನ್ನ ಮರಿ ಬಿಸಿಲಿನಲ್ಲಿ ಬೆಚ್ಚಗಾಯಿತೇ ಹೊರತು ಬೇರೆ ಏನನ್ನೂ ಗಳಿಸಲಿಲ್ಲ.

ಇಷ್ಟು ಕೇಳಿದ ಕೆಲವರು ಎದುರು ದಿಕ್ಕಿಗೆ ಓಡುತ್ತಾರೆ. ನಾಯಿ ತೋಳನ ವಂಶದ್ದು, ಹಸಿಮಾಂಸವೇ ಅದರ ಧರ್ಮ ಎಂಬ ವಾದ ಈಗ ಪಟ್ಟಣಗಳಲ್ಲಿ ಬಳಕೆಯಲ್ಲಿದೆ. ಸ್ವೀಡನ್ನಿನ ಆಕ್ಸೆಲ್ಸನ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದಂತೆ, ಪಿಷ್ಟವನ್ನು ಜೀರ್ಣಿಸುವ ಕಿಣ್ವದ ಜೀನು ತೋಳದಲ್ಲಿ ಎರಡೇ ಪ್ರತಿಯಲ್ಲಿದ್ದರೆ ನಾಯಿಯಲ್ಲಿ 4ರಿಂದ 30 ಪ್ರತಿಗಳವರೆಗೆ ಇರುತ್ತದೆ. ಮನುಷ್ಯನ ಬೇಸಾಯದ ನೆರಳಿನಲ್ಲಿ ಬೆಳೆದ ಪ್ರಾಣಿ ಅದು. ಬೆಂದ ಅನ್ನವನ್ನು ಚೆನ್ನಾಗಿಯೇ ಅರಗಿಸಿಕೊಳ್ಳುತ್ತದೆ. ಎಲುಬಿಲ್ಲದ ಬರಿಯ ಮಾಂಸದಲ್ಲಿಯಾದರೋ ಸುಣ್ಣದ ಹತ್ತರಷ್ಟಕ್ಕೂ ಮಿಕ್ಕಿ ರಂಜಕವಿರುತ್ತದೆ. ಇರಬೇಕಾದದ್ದು ಸುಣ್ಣವೇ ರಂಜಕಕ್ಕೆ ಸಮನಾಗಿ, ಅಥವಾ ಅದಕ್ಕಿಂತ ತುಸು ಹೆಚ್ಚಾಗಿ. ಬರಿಯ ಮಾಂಸ ತಿಂದ ಮರಿಯ ಕಾಲೂ ಹಾಲು-ಅನ್ನ ತಿಂದ ಮರಿಯ ಕಾಲಿನಂತೆಯೇ ಬಾಗುತ್ತದೆ.

ಸುಣ್ಣದ ಮಾತ್ರೆಗಳನ್ನು ಕೈತುಂಬ ಕೊಡುವುದೂ ಪರಿಹಾರವಲ್ಲ. ಎಳೆಯ ಮರಿಯ ಕರುಳಿಗೆ ಬೇಡವೆನ್ನುವ ಶಕ್ತಿ ಇರುವುದಿಲ್ಲ. ಕೊಟ್ಟಷ್ಟರಲ್ಲಿ ಬಹುಪಾಲನ್ನು ಹೀರಿಕೊಳ್ಳುತ್ತದೆ. ನೆದರ್ಲೆಂಡಿನ ಯೂಟ್ರೆಕ್ಟ್ ನಗರದಲ್ಲಿ 1980ರ ದಶಕದಲ್ಲಿ ಗ್ರೇಟ್ ಡೇನ್ ಮರಿಗಳಿಗೆ ಹೆಚ್ಚು ಕ್ಯಾಲ್ಸಿಯಂ ಉಣಿಸಿ ನೋಡಿದಾಗ ಅವುಗಳ ಎಲುಬಿನ ಬೆಳವಣಿಗೆಯೂ ವಿಕಾರವಾಯಿತು.

ಹೀಗಿರಲು ಏನು ಮಾಡಬೇಕು? ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಮೊಟ್ಟೆ, ಮೀನು, ಮಾಂಸಗಳನ್ನು ಮುಟ್ಟದ ಮನೆಯವರು ಮರಿಯ ಆಹಾರವನ್ನು ತಾವೇ ಕಲಸುವ ಸಾಹಸಕ್ಕೆ ಕೈಹಾಕಬಾರದು. ಬೆಳೆದ ನಾಯಿ, ಬೆಕ್ಕಿನ ಹಾಗಲ್ಲದೆ, ಚೆನ್ನಾಗಿ ಯೋಜಿಸಿದ ಸಸ್ಯಾಹಾರದಿಂದ ಬದುಕಬಲ್ಲದು. ಬೆಳೆಯುವ ಮರಿಯಲ್ಲಿ ತಪ್ಪಿಗೆ ಅವಕಾಶ ಬಹಳ ಕಡಮೆ. ಅಂಥವರು ಬೆಳವಣಿಗೆಯ ಕಾಲಕ್ಕೆ ಸಂಪೂರ್ಣವೆಂದು ಸ್ಪಷ್ಟವಾಗಿ ಬರೆದಿರುವ ಸಿದ್ಧ ಆಹಾರವನ್ನು ಕೊಳ್ಳುವುದೇ ಮೇಲು. ಬೆಲೆ ಹೆಚ್ಚಾದದ್ದೇ ಉತ್ತಮವೆಂದಲ್ಲ. ಸಸಾರಜನಕದ ಶೇಕಡವನ್ನು ಹೋಲಿಸುವಾಗ ನೀರನ್ನು ಕಳೆದು ನೋಡಬೇಕು: ಶೇಕಡ 78 ನೀರಿರುವ ಡಬ್ಬಿಯ ಶೇಕಡ 8 ಸಸಾರಜನಕ, ಒಣತೂಕದಲ್ಲಿ ಶೇಕಡ 36 ಆಗುತ್ತದೆ; ಶೇಕಡ 10 ನೀರಿರುವ ಚೀಲದ ಶೇಕಡ 24, ಒಣತೂಕದಲ್ಲಿ ಶೇಕಡ 27 ಮಾತ್ರ. ಅಂಗಡಿಯಲ್ಲಿ ನಾನು ತಿರುವಿ ನೋಡಿದ ಕೆಲವು ಚೀಲಗಳ ಮೇಲೆ ನಾಯಿಯ ಸೊಗಸಾದ ಚಿತ್ರವಿತ್ತು. ಕ್ಯಾಲ್ಸಿಯಂ ಎಷ್ಟು, ಕಿಲೋಗ್ರಾಮಿಗೆ ಕ್ಯಾಲೊರಿ ಎಷ್ಟು ಎಂಬುದು ಇರಲಿಲ್ಲ. ಈ ಎರಡು ಸಂಖ್ಯೆಗಳನ್ನು, ಕೊಳ್ಳುವವನ ಭಾಷೆಯಲ್ಲಿ, ಅಚ್ಚು ಹಾಕಿಸಬೇಕೆಂಬ ಕಟ್ಟಳೆ ಬೇಕು. ಅವಿಲ್ಲದೆ ತಯಾರಕನ ಮಾತನ್ನು ನಂಬುವುದೂ ಹಾಲು-ಅನ್ನವನ್ನು ನಂಬುವುದೂ ನನಗೆ ಒಂದೇ ಆಗಿ ಕಾಣುತ್ತದೆ.

ನಮ್ಮ ಮರಿಯ ಕಾಲು ಮುಕ್ಕಾಲು ಭಾಗ ನೆಟ್ಟಗಾಗಿದೆ. ಎಡಗಾಲಿನಲ್ಲಿ ಸಣ್ಣ ಬಾಗು ಉಳಿದಿದೆ, ಅದು ಇನ್ನು ಹೋಗುವಂತಿಲ್ಲವೆಂದು ವೈದ್ಯರ ಮಾತು. ಸಿದ್ಧ ಆಹಾರದ ಜೊತೆಗೆ ದಿನದ ಕ್ಯಾಲೊರಿಯ ಹತ್ತನೆಯ ಒಂದು ಪಾಲಿಗೆ ಮೀರದಂತೆ ಬೇರೆ ತಿನಿಸು ಕೊಡಬಹುದು ಎಂದು ಅವರು ಹೇಳಿದ್ದರು. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 70 ಕ್ಯಾಲೊರಿ ಇರುತ್ತದೆಂದು ನಾನು ತಾಯಿಗೆ ವಿವರಿಸಿದೆ. ಅವರು ಉತ್ತರ ಕೊಡಲಿಲ್ಲ. ಮರುದಿನ ಹಿತ್ತಿಲಿನಲ್ಲಿ ಮೂರು ಕಲ್ಲು ಹೂಡಿ, ಹಳೆಯ ತಂಬಿಗೆಯೊಂದನ್ನು ಅದಕ್ಕೆಂದೇ ಬೇರೆ ತೆಗೆದಿಟ್ಟು, ಸೆರಗಿನಿಂದ ಮೂಗು ಮುಚ್ಚಿಕೊಂಡು ಮೊಟ್ಟೆ ಬೇಯಿಸುತ್ತಿದ್ದರು.